ವೈರದ ರೋಗ

೧೪ ಜೂನ್ ೧೯೪೩, ಸೋಮವಾರ

ಮೇಕೆಯ ಹಾಲನ್ನೂ ಕೂಸು ಕಕ್ಕಿತು. ಹಸುವಿನದಾಯಿತು, ಎಮ್ಮೆಯದಾಯಿತು, ನೀರು ಬೆರೆಸಿದ್ದಾಯಿತು, ಶುಂಠಿ ಹಾಕಿ ಕಾಯಿಸಿದ್ದಾಯಿತು. ಹಸಿವಿಗೆ ಗಟಗಟ ಕುಡಿಯುತ್ತದೆ, ಕಕ್ಕುತ್ತದೆ, ಆಮೇಲೆ ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡು ಚೀರುತ್ತದೆ. ಐದು ತಿಂಗಳಾದರೂ ಬಾಣಂತಿಯ ಪಕ್ಕದ ಕೂಸಿನಷ್ಟೇ ಇದೆ. ನೋಡಲು ಬಂದವರೆಲ್ಲ ಒಂದೊಂದು ಔಷಧ ಹೇಳುತ್ತಾರೆ, ಹೊರಡುವಾಗ ಹೊಸಿಲಲ್ಲಿ ನಿಂತು "ಪಾಪ" ಅನ್ನುತ್ತಾರೆ. ಆ ಪಾಪ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಉಳಿಯದ ಕೂಸಿಗೆ ಹೇಳುವ ಮಾತು ಅದು.

ಇದು ಉಳಿಯಬೇಕು. ಭಾರತಿ ಇದನ್ನು ಹೆತ್ತ ವಾರದಲ್ಲೇ ಕಣ್ಣು ಮುಚ್ಚಿದಳು. ಯುದ್ಧಕ್ಕೆ ಹೋದ ಅಳಿಯ ಬಸ್ರಾದಲ್ಲಿದ್ದಾನೆ, ಇದರ ಮುಖವನ್ನೇ ಕಂಡಿಲ್ಲ. ನನ್ನ ಮಗಳು ಒಪ್ಪಿಸಿದ ವಸ್ತು ಇದು, ಕಾಪಾಡುವುದು ನನ್ನ ಕೆಲಸ. ಮುದ್ದಾಡು ಎಂದು ಮಾತ್ರ ಯಾರೂ ನನಗೆ ಹೇಳಬಾರದು. ಸಾಕುವುದು ಬೇರೆ, ಮುದ್ದಾಡುವುದು ಬೇರೆ.

ನಾಳೆ ಮುಳಬಾಗಿಲಿಗೆ ಹೋಗುತ್ತೇನೆ. ಅಲ್ಲಿ ಹೊಸ ಡಾಕ್ಟರಮ್ಮ ಬಂದಿದ್ದಾರಂತೆ.

೧೬ ಜೂನ್, ಬುಧವಾರ

ಪೆಟ್ರೋಲ್ ಇಲ್ಲದ ಕಾಲಕ್ಕೆ ಇದ್ದಿಲಿನಿಂದ ಓಡಿಸುವ ಬಸ್ಸು ಏರು ಬಂದಲ್ಲೆಲ್ಲ ನಿಂತಿತು. ಗಂಡಸರು ನೂಕಿದರು, ಹೆಂಗಸರು ಹಿಂದೆ ನಡೆದೆವು. ಹೀಗೆ ನೂಕಿಸಿಕೊಂಡು ಮುಳಬಾಗಿಲು ಸೇರುವ ಹೊತ್ತಿಗೆ ಕೂಸಿಗೆ ಅಳುವ ಶಕ್ತಿಯೂ ಉಳಿದಿರಲಿಲ್ಲ.

ಡಾಕ್ಟರಮ್ಮ "ಪಾಪ" ಅನ್ನಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ನಂಬಿಕೆ ಬಂತು. "ಇದಕ್ಕೆ ಯಾವ ಪ್ರಾಣಿಯ ಹಾಲೂ ಒಗ್ಗೋದಿಲ್ಲಮ್ಮ. ಕಾಳಿನ ಹಾಲು ಕೊಟ್ಟು ನೋಡೋಣ" ಅಂದರು. ಕಾಳಿನ ಹಾಲು! ನಾನು ಕಿವಿ ಕೆಟ್ಟಿತೇನೋ ಅಂದುಕೊಂಡೆ. ಒಂದು ಚೀಲ ತೆಗೆದು ತೋರಿಸಿದರು. ಅಲಸಂದೆಗಿಂತ ದುಂಡಗೆ, ಬಟಾಣಿಗಿಂತ ಸಣ್ಣಗೆ, ಹಳದಿ ಬಣ್ಣದ ಕಾಳು. ಸೋಯಾ ಅವರೆಯಂತೆ. ಇದನ್ನು ನೆನೆಹಾಕಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ, ಹಸಿ ವಾಸನೆ ಹೋಗುವವರೆಗೆ ಕುದಿಸಿ ಕುಡಿಸಬೇಕು.

"ಈ ಚೀಲ ದಸರಾದವರೆಗೆ ಬರಬಹುದು. ಆಮೇಲೆ ನನ್ನ ಹತ್ರಾನೂ ಇಲ್ಲ. ಯುದ್ಧ ಮುಗಿಯೋವರೆಗೆ ರೈಲಲ್ಲಿ ತರಿಸೋ ಹಾಗೂ ಇಲ್ಲ. ನಿಮಗೆ ಹೊಲ ಇದೆಯಲ್ಲ, ಒಂದಷ್ಟು ಬಿತ್ತಿ ಬೆಳ್ಕೊಳ್ಳಿ" ಅಂದರು.

ನಮ್ಮ ಯಜಮಾನರು ಬಸ್ಸಿಳಿದು ಯಲ್ದೂರಿನ ಮಾವಿನ ತೋಪು ದಾಟುವಾಗ ಹೇಳಿದರು. "ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಗಾದೆ ಐತೆ. ಈಯಮ್ಮ ನೋಡಿದ್ರೆ ಅವರೆಕಾಯಿ ಕೈಲೇ ಹಾಲು ಕರೆಸ್ತಾರಲ್ಲೇ ಅನಸೂಯಾ!"

ಅವರು ನಗಿಸಲು ನೋಡುತ್ತಾರೆ. ನಾನು ನಗಲಿಲ್ಲ.

೧೯ ಜೂನ್, ಶನಿವಾರ

ಕಕ್ಕಲಿಲ್ಲ. ನಿನ್ನೆಯೂ ಇಲ್ಲ, ಇವತ್ತೂ ಇಲ್ಲ.

೨೪ ಜೂನ್, ಗುರುವಾರ

ಹದವಾದ ಮಳೆ ಬಿತ್ತು. ಮನೆಯ ಹಿಂದಿನ ಹೊಲದಲ್ಲಿ ಸೋಯಾ ಬಿತ್ತಿದೆವು. ಅಲ್ಲಿ ರಾಗಿ ಹಾಕಬೇಕೆಂದು ಇವರಿಗಿತ್ತು. ರಾಗಿಯನ್ನು ಅಂಗಡಿಯಿಂದಾದರೂ ತರಬಹುದು, ಇದನ್ನು ಎಲ್ಲಿಂದ ತರುತ್ತೀರಿ ಎಂದೆ. ಇವರು ಎತ್ತು ಕಟ್ಟಿದರು.

ಬದುವಿನ ಆಚೆಗೆ ಕೊಂಡಮ್ಮನ ಹೊಲ. ನನ್ನ ಓರಗಿತ್ತಿ, ಮೈದುನ ಎಲ್ಲಪ್ಪನ ಹೆಂಡತಿ, ತೆಲುಗು ಸೀಮೆಯ ಪುಂಗನೂರು ಕಡೆಯವಳು. ಬಾವಿಯ ನೀರಿನ ಸರದಿಯ ಜಗಳದಲ್ಲಿ ಮನೆ ಎರಡಾಯಿತು. ಅಂದಿನಿಂದ ಮಾತಿಲ್ಲ. ಭಾರತಿ ಸತ್ತ ದಿನ ಬಾಗಿಲಿಗೆ ಬಂದಿದ್ದಳು, ನಾನು ಕದ ಹಾಕಿಕೊಂಡೆ. ಸರಿಯಾಗಿಯೇ ಮಾಡಿದೆ.

ಮಾತಿಲ್ಲ ಎಂದರೆ ನೇರ ಮಾತಿಲ್ಲ ಅಷ್ಟೇ. ಅವಳಿಗೆ ಹೇಳಬೇಕಾದ್ದೆಲ್ಲ ಅವಳು ತನ್ನ ಎಮ್ಮೆಗೆ ಹೇಳುತ್ತಾಳೆ. ನಾನು ನಮ್ಮ ಬೇಲಿಗೆ ಹೇಳುತ್ತೇನೆ. ಇವತ್ತು ನಾವು ಬಿತ್ತುವುದನ್ನು ನೋಡಿ, ಎಮ್ಮೆಯ ಬೆನ್ನು ತಟ್ಟಿ ಕೂಗಿದಳು. "ಚೂಡವೇ, ನೋಡೇ ನಮ್ಮವ್ವಾ! ಇನ್ನು ಮೇಲೆ ನಿಂಗೆ ರಜಾನೇ. ಹಾಲು ಕರೆಯೋಕೆ ಜನ ಗಿಡದ ಹತ್ರ ಹೋಗ್ತಾವ್ರೆ!"

"ಬೇಲಿಗೆ ಬಾಯಿ ಇದ್ದಿದ್ರೆ ಸರಿಯಾಗಿ ಜವಾಬು ಕೊಡ್ತಿತ್ತು" ಅಂದೆ ಬೇಲಿಗೆ.

೧೧ ಜುಲೈ, ಭಾನುವಾರ

ಚೆನ್ನಾಗಿ ಎದ್ದಿದೆ ಪೈರು. ಮೂರು ಮೂರು ಎಲೆಯ ಗರಿ, ಮುಟ್ಟಿದರೆ ಎಳೆಗರುವಿನ ಕಿವಿಯ ಹಾಗೆ ನವಿರು. ಕೂಸೂ ಪರವಾಗಿಲ್ಲ. ರುಬ್ಬಿ ರುಬ್ಬಿ ನನ್ನ ಭುಜ ಬಿದ್ದುಹೋಗಿದೆ.

ಕೊಟ್ಟಿಗೆಯ ಹಿಂದಿನ ಅವರೆ ಚಪ್ಪರಕ್ಕೆ ಇವತ್ತು ಹೊಸ ಕೋಲು ಊರಿಸಿದೆ. ಅದು ಭಾರತಿಯ ಬಳ್ಳಿ. ಮದುವೆಗೆ ಮುಂಚೆ ಎಲ್ಲಿಂದಲೋ ಬೀಜ ತಂದು ಹಾಕಿದಳು. ಆ ನೇರಳೆ ಹೂವೆಂದರೆ ಅವಳಿಗೆ ಪ್ರಾಣ. ಬಸುರಿಯಾಗಿ ಮನೆಗೆ ಬಂದವಳು ಮೊದಲು ಹೋಗಿ ನಿಂತದ್ದು ಅದರ ಕೆಳಗೆ. ಬೇಸಗೆಯಿಂದ ಅದರ ಎಲೆಯಲ್ಲಿ ಅರಿಶಿನ ಚೆಲ್ಲಿದಂತೆ ಚಿತ್ತಾರ ಮೂಡಿದೆ, ಕಾಯಿ ಕಡಿಮೆ, ಆದರೆ ನೋಡಲು ಇನ್ನೂ ಚಂದ. ನಾನು ಅದರ ನೆರಳಲ್ಲಿ ಕೂತು ಕಾಳು ಆರಿಸುತ್ತೇನೆ.

೨೨ ಜುಲೈ, ಗುರುವಾರ

ಸೋಯಾ ಗಿಡಗಳಲ್ಲಿ ಕೆಲವು ಹಳದಿಯಾಗುತ್ತಿವೆ. ಗೊಬ್ಬರ ಸಾಲದೇನೋ ಎಂದು ಹೊಂಗೆ ಹಿಂಡಿ ಹಾಕಿಸಿದೆ.

೨೪ ಜುಲೈ, ಶನಿವಾರ

ಗೊಬ್ಬರವಲ್ಲ. ಒಂದು ಗಿಡ ಕಡುಹಸಿರು, ಪಕ್ಕದ್ದು ಬೇಗಡೆ ಅಂಟಿಸಿದಂತೆ ಹಳದಿ. ಎಲೆ ಮುದುಡಿದೆ, ಹೂವಿನ ಮೊಗ್ಗು ಮುರುಟಿ ನಿಂತಿದೆ. ಗಿಡ ಅಲ್ಲಾಡಿಸಿದರೆ ಕೆಳಗಿನಿಂದ ಬಿಳಿ ಪುಡಿಯಂತಹ ಹುಳು ಹಾರಿ, ಒಂದು ಸುತ್ತು ಹಾಕಿ ಮತ್ತೆ ಕೂತುಕೊಳ್ಳುತ್ತದೆ. ಶ್ರೀನಿವಾಸಪುರಕ್ಕೆ ಇವರನ್ನು ಅಟ್ಟಿದ್ದೇನೆ, ವ್ಯವಸಾಯ ಇಲಾಖೆಯವರನ್ನು ಕರೆತರದೆ ಮನೆಗೆ ಬರಕೂಡದು ಎಂದು ಹೇಳಿ.

೨೬ ಜುಲೈ, ಸೋಮವಾರ

ಇನ್‌ಸ್ಪೆಕ್ಟರು ಚನ್ನರಾಯಪ್ಪನವರು ಸೈಕಲ್ಲಿನಲ್ಲಿ ಬಂದರು. ಬಾಯಿ ತುಂಬ ಎಲೆಅಡಿಕೆ, ಜೇಬಿನಲ್ಲಿ ಭೂತಗನ್ನಡಿ. ಹೊಲದ ತಲೆಬದುವಿನಲ್ಲಿ ಕೂತು ಎಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಎಲೆಅಡಿಕೆಯ ನಡುವಿನಿಂದ ಅವರು ಹೇಳಿದ್ದು ಇದು. "ವೈರ ರೋಗ ಕಣಮ್ಮಾ ಇದು. ಪಕ್ಕದಲ್ಲೆಲ್ಲೋ ವೈರ ಇದೆ. ಅಲ್ಲಿಂದ ಈ ಬಿಳಿನೊಣ ಹೊತ್ಕೊಂಡು ಬರುತ್ತೆ. ಒಂದ್ಸಾರಿ ಬಂದ ಗಿಡಕ್ಕೆ ಮದ್ದಿಲ್ಲ, ಬೇರುಸಮೇತ ಕಿತ್ತು ಸುಡಬೇಕು. ಮೂಲ ಎಲ್ಲಿದೆ ಅಂತ ನೋಡಿ, ಅದನ್ನ ಮೊದಲು ಕೀಳಿ."

ನಾನು ಬೆರಗಾದೆ. ಇಂಗ್ಲಿಷ್ ಓದಿದ ಮನುಷ್ಯ, ಸೂಟಿಲ್ಲದಿದ್ದರೂ ಬೂಟು ಹಾಕಿಕೊಂಡವರು, ನಮ್ಮ ಮನೆಯ ವಿಚಾರ ಯಾರಿಂದಲೂ ಕೇಳದೆ ಎಲೆಯನ್ನು ನೋಡಿಯೇ ತಿಳಿದುಬಿಟ್ಟರು. ಪಕ್ಕದಲ್ಲಿ ವೈರ ಎಲ್ಲಿದೆ ಎಂದು ಹುಡುಕಬೇಕೇ? ಬದು ದಾಟಿದರೆ ಸಿಗುತ್ತದೆ. ಎಮ್ಮೆ ಕಟ್ಟಿಕೊಂಡು ನಿಂತಿದೆ.

ಇವರಿಗೆ ಹೇಳಿದರೆ ತಲೆ ಕೆರೆದುಕೊಂಡರು. "ಹುಳ ಯಾಕೇ ವೈರ ಹೊರ್ತದೆ? ಅದಕ್ಕೇನು ಹಿಸ್ಸೆ ಬರಬೇಕಾಗಿತ್ತಾ?" ಅಂದರು. ಇವರಿಗೆ ಎಲ್ಲವೂ ತಮಾಷೆ.

೨೮ ಜುಲೈ, ಬುಧವಾರ

ಹೇಳಿದ್ದನ್ನು ಹೇಳಿದಂತೆ ಮಾಡಿದೆ. ನಮ್ಮಲ್ಲಿ ಹಳದಿಯಾದ ಗಿಡಗಳನ್ನೆಲ್ಲ ಕಿತ್ತೆ. ಸುಡಲು ಮನಸ್ಸು ಬರಲಿಲ್ಲ. ಹಸಿರು ಮೇವನ್ನು ಸುಡುತ್ತಾರೆಯೇ? ಹೊರೆ ಕಟ್ಟಿ ಹೊಲದ ನಡುವಿನಿಂದ ಹೊತ್ತುತಂದು ಹಸುವಿಗೆ ಹಾಕಿದೆ.

ಆಮೇಲೆ ಮೂಲ. ಕೊಂಡಮ್ಮ ಗಂಡನೊಡನೆ ಹೋಳೂರಿನ ಸಂಬಂಧಿಕರ ಮನೆಗೆ ಹೋಗಿದ್ದಳು. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ ಹಾಕಿದ್ದಾಳೆ. ಬದುವಿನ ಪಕ್ಕದ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಕಿತ್ತೆ. ಹೆದರಿಕೆಯಾಗಲಿಲ್ಲ. ಸರ್ಕಾರದ ಮನುಷ್ಯ ಹೇಳಿದ ಕೆಲಸ, ಕೂಸಿನ ಪ್ರಾಣದ ಕೆಲಸ. ಕೀಳುವಾಗ ಒಂದು ಗಿಡವೂ ಹಳದಿಯಾಗಿರಲಿಲ್ಲ ಎಂಬುದು ನಿಜ. ವೈರ ಹೊರಗೆ ಕಾಣುತ್ತದೆಯೇ?

೩೦ ಜುಲೈ, ಶುಕ್ರವಾರ

ಕೊಂಡಮ್ಮ ಬಂದಳು, ನೋಡಿದಳು. ಊರು ಒಂದಾಗುವಂತೆ ಕೂಗುತ್ತಾಳೆ ಎಂದು ಸೊಂಟ ಕಟ್ಟಿ ನಿಂತಿದ್ದೆ. ಕೂಗಲಿಲ್ಲ. ಬಾಡಿದ ಒಂದು ಗಿಡವನ್ನು ಎತ್ತಿ ನೋಡಿ, ಎಮ್ಮೆಗೆ ಮೆಲ್ಲಗೆ ಹೇಳಿದಳು. "ಹೊಟ್ಟೆ ಉರಿಯೋರ ಕೈ ಹಂಗೇನೇ ಕಣೇ. ಏನಾದ್ರೂ ಕೀಳ್ಬೇಕು ಅಂತದೆ. ಅವ್ರಿಗಾಗಿರೋದು ನಮ್ಗಾಗಿದ್ದಿದ್ರೆ ನಾವೂ ಕೀಳ್ತಿದ್ವೇನೋ."

ಬೇಲಿಯ ಕಡೆ ತಿರುಗದೆ ಒಳಗೆ ಬಂದುಬಿಟ್ಟೆ.

೬ ಆಗಸ್ಟ್, ಶುಕ್ರವಾರ

ಕಿತ್ತಷ್ಟೂ ಹೆಚ್ಚುತ್ತಿದೆ. ಹಸುವಿಗೆ ಹೊರೆ ಹೊತ್ತ ದಾರಿಯುದ್ದಕ್ಕೂ ಎರಡು ಕಡೆಯ ಗಿಡ ಹಳದಿಯಾಗಿದೆ.

ಇವತ್ತು ಚನ್ನರಾಯಪ್ಪನವರು ಮತ್ತೆ ಬಂದರು. ಅವರ ಹಿಂದೆಯೇ ಕೊಂಡಮ್ಮ, ಕೈಯಲ್ಲಿ ಒಣಗಿದ ಅವರೆ ಗಿಡ ಹಿಡಿದು, ನ್ಯಾಯಕ್ಕೆ ನಿಂತಂತೆ ಬದುವಿನ ಮೇಲೆ ನಿಂತಳು. "ಸ್ವಾಮೀ, ನನ್ನ ಗಿಡಕ್ಕೆ ಏನು ಕಾಯ್ಲೆ ಇತ್ತು ಹೇಳಿ. ನೀವು ಕೀಳು ಅಂದ್ರಂತೆ."

"ನಾನು ನಿನ್ನ ಗಿಡ ನೋಡೇ ಇಲ್ವಲ್ಲಮ್ಮ" ಅಂದರು ಅವರು.

ನಾನು ಮುಂದೆ ಬಂದೆ. "ನೀವೇ ಹೇಳಿದ್ರಿ. ವೈರದ ರೋಗ, ಪಕ್ಕದಲ್ಲಿ ವೈರ ಇದೆ, ಮೂಲ ಕೀಳಿ ಅಂತ. ನಮಗೆ ವೈರ ಇರೋದು ಇವರೊಬ್ಬರ ಜತೆನೇ."

ಅವರು ಎಲೆಅಡಿಕೆ ಉಗಿದರು. ನನ್ನನ್ನು ನೋಡಿದರು, ಕೊಂಡಮ್ಮನನ್ನು ನೋಡಿದರು, ಬದುವಿನ ಮೇಲೆ ಕುಕ್ಕರಿಸಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಯ್ಯೋ ತಾಯೀ, ವೈರ ಅಲ್ಲ, ವೈರಸ್! ಇಂಗ್ಲಿಷ್ ಮಾತು. ಕಣ್ಣಿಗೆ ಕಾಣದ ಒಂದು ವಿಷ ಅದು. ಕಾಯಿಲೆ ಗಿಡದ ರಸ ಹೀರಿದ ನೊಣ ಚೆನ್ನಾಗಿರೋ ಗಿಡಕ್ಕೆ ಬಾಯಿಟ್ಟರೆ ಅದಕ್ಕೂ ಅಂಟುತ್ತೆ. ನಿಮ್ಮ ನಿಮ್ಮ ಜಗಳ ನೊಣಕ್ಕೆ ಏನು ಗೊತ್ತು?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮಪ್ಪ ಸ್ಕೂಲು ಮೇಷ್ಟ್ರು. ಅವರ ಮಗಳಾಗಿ ನಾನು ಒಂದು ಮಾತು ತಪ್ಪು ಕೇಳಿ ಪಕ್ಕದವಳ ಪೈರು ಕಿತ್ತೆ. ಹಸುವಿಗೆ ಹೊರೆ ಹೊತ್ತದ್ದನ್ನು ಕೇಳಿ ಚನ್ನರಾಯಪ್ಪನವರು ತಲೆ ಚಚ್ಚಿಕೊಂಡರು. ಹೊರೆಯ ಜತೆ ನೊಣವನ್ನೂ ಮೆರವಣಿಗೆ ಮಾಡಿದಿರಿ ಎಂದರು. ಇನ್ನು ಬೆಳಗಿನ ಚಳಿಯಲ್ಲಿ, ಇಬ್ಬನಿಗೆ ನೊಣ ಹಾರಲಾರದೆ ಎಲೆಯಡಿ ಕೂತಿರುವಾಗ ಕೀಳಬೇಕು. ಕಿತ್ತದ್ದನ್ನು ಅಲ್ಲೇ ಒದ್ದೆ ಗೋಣಿಚೀಲಕ್ಕೆ ತುರುಕಿ ಸುಡಬೇಕು. ಉಳಿದ ಗಿಡಕ್ಕೆ ಹೊಗೆಸೊಪ್ಪಿನ ಕಷಾಯದಲ್ಲಿ ಸೋಪು ಕದಡಿ ಎಲೆಯ ಕೆಳಗೆ ಚಿಮುಕಿಸಬೇಕು.

"ಆದರೂ ಮೂಲ ಇದ್ದೇ ಇರುತ್ತೆ. ಈ ಹೆಂಗಸಿನ ಅವರೆ ನಿಮ್ಮ ಸೋಯಾ ಜತೆ ಹುಟ್ಟಿದ್ದು, ಅದು ಮೂಲ ಆಗೋಕಾಗಲ್ಲ. ಮಳೆಗೆ ಮುಂಚಿನಿಂದ ಇರೋ ಹಳೇ ಗಿಡ, ಬೇಸಗೆಯಲ್ಲೇ ಹಳದಿಯಾಗಿರೋದು, ಅವರೆ ಜಾತಿದು ಯಾವುದಾದರೂ ಹತ್ತಿರದಲ್ಲಿದೆಯಾ?"

ನಾನು ಇಲ್ಲ ಎಂದೆ.

ಹೇಳುವಾಗ ಕೊಟ್ಟಿಗೆಯ ಕಡೆ ನೋಡಲಿಲ್ಲ. ನಾವು ನಿಂತಲ್ಲಿಂದ ಚಪ್ಪರ ಕಾಣುವುದಿಲ್ಲ. ಆದರೆ ಕೊಂಡಮ್ಮನ ಹೊಲದಿಂದ ಕಾಣುತ್ತದೆ. ಅವಳು ಒಮ್ಮೆ ಆ ಕಡೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಒಣಗಿದ ಗಿಡವನ್ನು ಅಲ್ಲೇ ಬಿಸಾಕಿ ಮನೆಗೆ ಹೋದಳು.

೭ ಆಗಸ್ಟ್, ಶನಿವಾರ

ಬೆಳಿಗ್ಗೆ ಕಿತ್ತೆವು, ಸುಟ್ಟೆವು. ಕಷಾಯದ ಘಾಟಿಗೆ ಇವರಿಗೆ ತಲೆ ತಿರುಗಿತು.

೧೦ ಆಗಸ್ಟ್, ಮಂಗಳವಾರ

ಮೂಲವೆಂದರೆ ಅದೇ ಆಗಬೇಕೆಂದೇನಿದೆ? ಊರಲ್ಲಿ ಬೇರೆ ಗಿಡಗಳಿಲ್ಲವೇ? ಬೇಲಿಯ ಸಾಲೆಲ್ಲ ಹುಡುಕಿದೆ. ಒಂದೆರಡು ಕಾಡುಗಿಡ ಹಳದಿಯಾಗಿದ್ದವು, ಕಿತ್ತೆ. ಅವೇ ಇರಬೇಕು.

ಕೊಟ್ಟಿಗೆಯ ಪಕ್ಕದ ಸಾಲುಗಳಲ್ಲಿ ಹಳದಿ ಹೆಚ್ಚು. ಆಚೆ, ಕೊಂಡಮ್ಮನ ಬದುವಿನ ಹತ್ತಿರ ಗಿಡಗಳು ಇನ್ನೂ ಹಸಿರು. ಬರೆದದ್ದನ್ನು ಮತ್ತೆ ಓದಿದೆ. ಸುಳ್ಳು ಬರೆಯಲೂ ಬರುವುದಿಲ್ಲ ನನಗೆ.

ಇವರು ಸಂಜೆ ಕೇಳಿದರು. "ನಾನೇ ಕೀಳ್ಲೇನೇ? ನೀನು ಒಳಗಿರು."

"ಅದನ್ನ ಮುಟ್ಟಿದ್ರೆ ನೋಡಿ" ಅಂದೆ. ಅವರು ಪಂಚೆ ಕೊಡವಿಕೊಂಡು ಎದ್ದುಹೋದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರಿಗೆ ನಾನು ಹಾಗೆ ಹೇಳಿದ್ದಿಲ್ಲ. ಅವರಿಗೂ ಅವಳು ಮಗಳೇ.

೧೩ ಆಗಸ್ಟ್, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ನಮಗೆ ಈ ವರ್ಷ ಹಬ್ಬವಿಲ್ಲ.

ಡಾಕ್ಟರಮ್ಮನ ಚೀಲ ಸೊರಗಿದೆ. ಕೂಸಿಗೆ ಹಸಿವು ಹೆಚ್ಚಿದೆ, ದಸರಾದವರೆಗೆ ಬರುವುದಿಲ್ಲ. ಕಾಳು ಸ್ವಲ್ಪ ಉಳಿಸೋಣವೆಂದು ನಿನ್ನೆ ಒಂದು ಬಾರಿ ಹಸುವಿನ ಹಾಲಿಗೆ ನೀರು ಬೆರೆಸಿ ಕೊಟ್ಟೆ. ಬೆಳಗಿನವರೆಗೂ ಕಕ್ಕಿತು. ಕಕ್ಕಿ ಸುಸ್ತಾಗಿ ನನ್ನ ತೋಳಿನಲ್ಲಿ ಬಿದ್ದುಕೊಂಡು, ಅಳದೆ, ನನ್ನ ಮುಖವನ್ನೇ ನೋಡಿತು. ಬೈಯುವವರ ನೋಟವಲ್ಲ ಅದು. ನಂಬಿದವರ ನೋಟ. ಬೈದಿದ್ದರೆ ವಾಸಿಯಾಗಿತ್ತು.

ಅದನ್ನು ಸೊಂಟದ ಮೇಲೆ ಕೂರಿಸಿಕೊಂಡು ಚಪ್ಪರದ ಕೆಳಗೆ ಹೋದೆ. ಒಂದು ಎಲೆಯನ್ನು ತಿರುಗಿಸಿ ನೋಡಿದೆ. ತುಂಬ ಕೂತಿದ್ದವು. ಬಳ್ಳಿಯನ್ನು ಅಲ್ಲಾಡಿಸಿದೆ. ಊದಿದ ಬೂದಿಯಂತೆ ಎದ್ದವು, ಕೊಟ್ಟಿಗೆಯ ಮಾಡಿನ ಮೇಲೆ ಹಾದು, ಗಾಳಿ ಕರೆದುಕೊಂಡು ಹೋದತ್ತ ನಮ್ಮ ಹೊಲಕ್ಕೆ ಇಳಿದವು. ಕೂಸು ಅದನ್ನು ನೋಡಿ ಕೈ ಚಾಚಿತು.

ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದು. ನಾನು ಊರೆಲ್ಲ ಹುಡುಕಿದೆ.

ನಾಳೆ ಬೆಳಿಗ್ಗೆ ಕೀಳುತ್ತೇನೆ. ಬರೆದಿದ್ದೇನೆ, ಇನ್ನು ತಪ್ಪಿಸಿಕೊಳ್ಳುವಂತಿಲ್ಲ.

೧೪ ಆಗಸ್ಟ್, ಶನಿವಾರ

ಬೆಳಕು ಹರಿಯುವಾಗ ಹೋದೆ. ಇಬ್ಬನಿ ಚೆನ್ನಾಗಿ ಬಿದ್ದಿತ್ತು, ನೊಣಗಳು ಅಲುಗಲಿಲ್ಲ. ಬುಡ ನನ್ನ ಮುಂಗೈಯಷ್ಟು ದಪ್ಪವಾಗಿತ್ತು. ಎಳೆದೆ, ಬರಲಿಲ್ಲ. ಗುದ್ದಲಿಯಲ್ಲಿ ಬುಡ ಬಿಡಿಸಿ ಎಳೆದೆ, ಬರಲಿಲ್ಲ. ಆಗ ಪಕ್ಕದಲ್ಲಿ ಇನ್ನೆರಡು ಕೈ ಬಂದು ಬಳ್ಳಿ ಹಿಡಿದವು. ಕೊಂಡಮ್ಮ. ಒದ್ದೆ ಗೋಣಿಚೀಲವನ್ನು ಹೆಗಲ ಮೇಲೆ ಹಾಕಿಕೊಂಡೇ ಬಂದಿದ್ದಳು. ನಾನು ಇವತ್ತು ಬರುತ್ತೇನೆಂದು ಅವಳಿಗೆ ಹೇಗೆ ಗೊತ್ತೋ. ದಿನಾ ಕಾಯುತ್ತಿದ್ದಳೋ ಏನೋ.

ಇಬ್ಬರೂ ಎಳೆದೆವು. ಬೇರು ಕಿತ್ತು ಬಂದ ರಭಸಕ್ಕೆ ಇಬ್ಬರೂ ಹಿಂದಕ್ಕೆ ಬಿದ್ದೆವು.

"ನಂಗೆ ಅವತ್ತೇ ಗೊತ್ತಾಯ್ತು ಅಕ್ಕಾ. ಹೇಳೋಕೆ ಬಾಯಿ ಬರ್ಲಿಲ್ಲ" ಅಂದಳು ಬಿದ್ದಲ್ಲಿಂದಲೇ.

"ನಿನ್ನ ಬಾಯಿಗೆ ಬರದ ಮಾತೂ ಉಂಟೇನೇ?" ಅಂದೆ.

ಅವಳು ನಗಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಈ ಬೀಜ ನಂದೇ ಅಕ್ಕಾ. ನಮ್ಮಮ್ಮನ ಮನೆಯಿಂದ ತಂದಿದ್ದು. ಬಾವಿ ಹತ್ರ ಭಾರತಿ ಕೇಳಿದ್ಲು, ಕೊಟ್ಟೆ. ಅಮ್ಮಂಗೆ ಹೇಳ್ಬೇಡ ಚಿಕ್ಕಮ್ಮಾ, ಕಿತ್ತು ಬಿಸಾಕ್ತಾಳೆ ಅಂದಿದ್ಲು."

ನನ್ನ ಮಗಳು ನನಗೆ ಹೆದರಿ ಒಂದು ಹೂವಿನ ಬಳ್ಳಿಯನ್ನು, ಬೀಜ ಯಾರದೆಂಬುದನ್ನು ಬಚ್ಚಿಟ್ಟುಕೊಂಡು, ಬೆಳೆಸಿದಳು. ಬಾವಿಯ ಹತ್ತಿರ ಇವರಿಬ್ಬರೂ ಮಾತಾಡಿಕೊಳ್ಳುತ್ತಿದ್ದರು, ನಗುತ್ತಿದ್ದರು. ಅವಳು ಸತ್ತ ದಿನ ಬಾಗಿಲಿಗೆ ಬಂದಿದ್ದವಳು ನನ್ನ ವೈರಿಯಲ್ಲ, ಅವಳ ಚಿಕ್ಕಮ್ಮ. ನನಗೆ ಅಳು ಬಂತು. ಭಾರತಿ ಹೋದಾಗಲೂ ಹೀಗೆ ಅತ್ತಿರಲಿಲ್ಲ. ಮಣ್ಣಿನಲ್ಲಿ ಕೂತು, ಬಳ್ಳಿಯನ್ನು ಮಡಿಲಿನಲ್ಲಿಟ್ಟುಕೊಂಡು, ನಾಚಿಕೆಯಿಲ್ಲದೆ ಅತ್ತೆ. ಕೊಂಡಮ್ಮನೂ ಅತ್ತಳು. ಆಮೇಲೆ ಅವಳೇ ಎದ್ದು, "ಬಿಸಿಲೇರ್ತದೆ ಅಕ್ಕಾ, ನೊಣ ಎದ್ದೇಳ್ತವೆ" ಎಂದು ನನ್ನ ಮಡಿಲಿನಿಂದ ಬಳ್ಳಿಯನ್ನು ಬಿಡಿಸಿ ಚೀಲಕ್ಕೆ ತುಂಬಿದಳು.

ಬೆಂಕಿ ಹಚ್ಚಿದ್ದು ನಾನು.

೨೫ ಆಗಸ್ಟ್, ಬುಧವಾರ

ದಿನವೂ ಬೆಳಿಗ್ಗೆ ನಾನು ಈ ತುದಿಯಿಂದ, ಕೊಂಡಮ್ಮ ಆ ತುದಿಯಿಂದ ಸಾಲು ಹಿಡಿದು ನೋಡುತ್ತೇವೆ. ಹೊಸ ಹಳದಿ ಕಂಡರೆ ಚೀಲಕ್ಕೆ. ಕಷಾಯ ಕುದಿಸುವುದು ಅವಳ ಮನೆಯಲ್ಲಿ. ಅವಳ ಗಂಡನ ಹೊಗೆಸೊಪ್ಪನ್ನೆಲ್ಲ ಪಾತ್ರೆಗೆ ಹಾಕಿದ್ದಾಳೆ. ಮೈದುನ ಎಲ್ಲಪ್ಪ ಬಾಯಿ ಚಪ್ಪರಿಸುತ್ತ ಓಡಾಡುತ್ತಿದ್ದಾನೆ.

ಹೊಲದ ಮುಕ್ಕಾಲು ಪಾಲು ಹೋಯಿತು. ಕೊಟ್ಟಿಗೆಯ ಕಡೆ ಬರೀ ನೆಲ. ಆದರೆ ಕೊಂಡಮ್ಮನ ಬದುವಿನ ಪಕ್ಕದ ಸಾಲುಗಳು ನಿಂತಿವೆ, ಹೂ ಬಿಟ್ಟಿವೆ. ನಾಲ್ಕು ದಿನದಿಂದ ಹೊಸ ಹಳದಿ ಕಾಣಿಸಿಲ್ಲ. ಬಾಯಿಬಿಟ್ಟು ಹೇಳಲು ಹೆದರಿಕೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಅವಳ ಅಕ್ಕಡಿ ಸಾಲಿಗೆ ನಾನು ಮತ್ತೆ ಅವರೆ ಹಾಕಿಕೊಡುತ್ತೇನೆಂದೆ. "ಕಾಲ ಮೀರಿತು, ಈ ವರ್ಷ ಸಂಕ್ರಾಂತಿಗೆ ನಿಮ್ಮನೇಲೇ ಊಟ ಬಿಡು" ಅಂದಳು.

೩ ಸೆಪ್ಟೆಂಬರ್, ಶುಕ್ರವಾರ

ಸಣ್ಣ ಸಣ್ಣ ಕಾಯಿ, ಮೈತುಂಬ ರೋಮ. ಕೂಸನ್ನು ಕರೆದುಕೊಂಡು ಹೋಗಿ ತೋರಿಸಿದೆ. ಎಲೆ ಕಿತ್ತು ಬಾಯಿಗಿಟ್ಟುಕೊಂಡಳು.

೨೧ ಸೆಪ್ಟೆಂಬರ್, ಮಂಗಳವಾರ

ಡಾಕ್ಟರಮ್ಮನ ಚೀಲ ನಿನ್ನೆ ಮುಗಿಯಿತು. ಹೊಲದಲ್ಲಿ ಕಾಳು ತುಂಬಿದೆ, ಆದರೆ ಒಣಗಲು ಇನ್ನೂ ದಿನ ಬೇಕು. ಬೆಳಿಗ್ಗೆ ಖಾಲಿ ಚೀಲ ಕೊಡವಿಕೊಂಡು ನಿಂತಿದ್ದೆ. ಕೊಂಡಮ್ಮ ಬಂದವಳು ನನ್ನ ಮುಖ ನೋಡಿ ಕೇಳಿದಳು. "ಹಸಿ ಅವರೆಕಾಳಲ್ಲಿ ಸಾರು ಮಾಡ್ತೀವಾ ಇಲ್ವಾ ನಾವು? ಹಿದುಕ್ತೀವಾ ಇಲ್ವಾ? ಒಣಗಲಿ ಅಂತ ಕಾಯ್ತೀವಾ?"

ಹೌದಲ್ಲ! ಕೋಲಾರದ ಸೀಮೆಯಲ್ಲಿ ಹುಟ್ಟಿ ಬೆಳೆದು, ಹಸಿ ಕಾಳು ಹಿದುಕುವುದನ್ನು ಪುಂಗನೂರಿನವಳ ಬಾಯಿಂದ ಕೇಳಬೇಕಾಯಿತು. ಹಸಿ ಕಾಯಿ ಬಿಡಿಸಿ, ಹಿದುಕಿ, ರುಬ್ಬಿದೆವು. ಹಾಲು ತುಸು ಹಸಿರು. ಉಕ್ಕಿ ಬಂದಾಗಲೆಲ್ಲ ಇಳಿಸಿ ಮತ್ತೆ ಕುದಿಸಿದೆ. ಆದರೂ ಭಯ. ಡಾಕ್ಟರಮ್ಮ ಒಣ ಕಾಳಿನದ್ದು ಹೇಳಿದ್ದರು. ಹೊಸ ಕಾಳು, ರೋಗ ಬಂದ ಹೊಲದ ಕಾಳು. ಮೊದಲು ನಾನು ಒಂದು ಲೋಟ ಕುಡಿದೆ, ಇವರು ಕುಡಿದರು, ಕೊಂಡಮ್ಮ ಮೂಗು ಹಿಡಿದುಕೊಂಡು ಕುಡಿದಳು. ಆಮೇಲೆ ಕೂಸಿಗೆ ಒಳಲೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಕಿದೆ.

ಕುಡಿದಳು. ನಾವು ಮೂವರೂ ಅವಳ ಸುತ್ತ ಕೂತು ಬಾಯನ್ನೇ ನೋಡುತ್ತಿದ್ದೆವು. ಒಮ್ಮೆ ಬಿಕ್ಕಿದಳು, ನಾನು ಬಾಯಿಗೆ ಬಟ್ಟೆ ಒಡ್ಡಿದೆ. ತೇಗಿದಳು, ಅಷ್ಟೇ. ನಾವು ಯಾಕೆ ಹೀಗೆ ದಿಟ್ಟಿಸುತ್ತಿದ್ದೇವೆಂದು ಅವಳಿಗೆ ತಮಾಷೆಯಾಗಿರಬೇಕು, ಒಬ್ಬೊಬ್ಬರನ್ನೇ ನೋಡಿ ನಕ್ಕಳು. ಅಡುಗೆಯೂ ಇಲ್ಲ, ದನಕ್ಕೆ ನೀರೂ ಇಲ್ಲ, ಹಾಗೆಯೇ ಕೂತಿದ್ದೆವು. ನನ್ನ ತೊಡೆಯ ಮೇಲೆಯೇ ನಿದ್ದೆಹೋದಳು. ಎಬ್ಬಿಸಬಾರದೆಂದು ಮಧ್ಯಾಹ್ನದವರೆಗೆ ಕಾಲು ಮಡಿಸಿಯೇ ಕೂತಿದ್ದೆ.

ಕಕ್ಕಲಿಲ್ಲ.

೧೨ ಅಕ್ಟೋಬರ್, ಮಂಗಳವಾರ

ಸೋಯಾ ಕಟಾವು ಮುಗಿಯಿತು. ಅಂಗಳದಲ್ಲಿ ಬಡಿದು, ತೂರಿ, ಒಣಗಿಸಿದೆವು. ಬರುವ ಮುಂಗಾರಿನವರೆಗೆ ಅವಳ ಹಾಲಿಗೆ ಸಾಕು, ಬೀಜಕ್ಕೂ ಮಿಗುತ್ತದೆ. ಚನ್ನರಾಯಪ್ಪನವರು ಬಂದು ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿ, ತಾಲ್ಲೂಕಿನಲ್ಲಿ ಈ ರೋಗ ಬಂದ ಹೊಲ ಬೇರೆ ಯಾವುದೂ ಉಳಿಯಲಿಲ್ಲ, ಹೇಗೆ ಉಳಿಸಿದಿರಿ ಎಂದು ಕೇಳಿದರು. ಕೊಂಡಮ್ಮ ನನ್ನನ್ನು ಮುಂದಕ್ಕೆ ತಳ್ಳಿದಳು. ನಾನು ಅವಳನ್ನು ತಳ್ಳಿದೆ. ಅವರು ಕಾದು ಕಾದು ಸೈಕಲ್ ಹತ್ತಿ ಹೋದರು.

ಈ ಗಲಾಟೆಯಲ್ಲಿ ಹುಡುಗಿ ತೆವಳಿಕೊಂಡು ಹೋಗಿ ಕಾಳಿನ ರಾಶಿಯಲ್ಲಿ ಕೈಯಾಡಿಸುತ್ತಿದ್ದಳು. ಬಾಯಲ್ಲಿ ಕಾಳು ತುಂಬಿಕೊಂಡಿದ್ದಾಳೆಂದು ಓಡಿಹೋಗಿ ಎತ್ತಿಕೊಂಡು, ಬೆರಳು ಹಾಕಿ ತೆಗೆಯಹೋದೆ. ಕಚ್ಚಿದಳು! ಹಲ್ಲು ಬಂದಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕೆಳಗೆ ಎರಡು, ಅಕ್ಕಿಯ ನುಚ್ಚಿನ ಹಾಗೆ. ರಕ್ತ ಬರುವಂತೆ ಕಚ್ಚಿ, ಬಿಡದೆ, ನನ್ನನ್ನೇ ನೋಡುತ್ತಿದ್ದಾಳೆ. ಅಬ್ಬಾ, ಏನು ಶಕ್ತಿ ಇವಳಿಗೆ! ನಾನು ಅಯ್ಯೋ ಅಯ್ಯೋ ಎಂದು ಕೂಗುತ್ತ ನಗುತ್ತಿದ್ದೆ.

"ನಿನ್ನ ಮೊಮ್ಮಗಳೇ ಬಿಡಕ್ಕಾ" ಅಂದಳು ಕೊಂಡಮ್ಮ. "ಹಾಲು ಕೊಟ್ಟ ಕೈನೇ ಹಿಡ್ಕೊಂಡವ್ಳೆ."

ಬಲಗೈ ತೋರುಬೆರಳು. ಅರಿಶಿನ ಹಚ್ಚಿ ಬಟ್ಟೆ ಸುತ್ತಿದ್ದೇನೆ, ಲೇಖನಿ ನಿಲ್ಲುತ್ತಿಲ್ಲ. ಅಗೋ, ಎದ್ದು ಕೂಗುತ್ತಿದ್ದಾಳೆ, ಬರೆಯುವುದು ಇನ್ನು ಯಾವಾಗಲಾದರೂ ಆಯಿತು.